ಗುಂಪಿನ ಟ್ಯೂಷನ್ನೋ, ಮನೆಪಾಠವೋ?

ನಮ್ಮ ಹುಡುಗ ನಾಲ್ಕನೇ ಕ್ಲಾಸು. ‘ಕಬ್ಬು’ ಅಂತ ಇದ್ದರೆ ‘ಕಬು’ ಅಂತ ಓದುತ್ತಿದ್ದ. 52ರಲ್ಲಿ 27 ಕಳೆ ಅಂದರೆ 35 ಬರೆಯುತ್ತಿದ್ದ. 2ರಲ್ಲಿ 7 ಹೋಗಲ್ಲ ಅಲ್ವಾ, ಅದಕ್ಕೇ 7ರಲ್ಲಿ 2 ಕಳೆದುಬಿಡುತ್ತಿದ್ದ!

ಬಾಗಲಕೋಟೆಯ ನವನಗರದಲ್ಲಿ ಮೊದಲು ಗುಂಪಿನ ಟ್ಯೂಷನ್‌ಗೆ ಹಾಕಿದೆವು. ಫೀ ಕಡಿಮೆ, ಗೆಳೆಯರೂ ಜಾಸ್ತಿ. ಹೋಂವರ್ಕ್ ದಿನಾ ಮುಗಿಯುತ್ತಿತ್ತು. ಆದರೆ ಬೋರ್ಡ್ ನೋಡಿ ಬರೆದದ್ದಷ್ಟೇ. ‘ಕಬು’ ಹಾಗೇ ಉಳಿಯಿತು.

ಆಮೇಲೆ ಮನೆಪಾಠ. ಖರ್ಚು ಹೆಚ್ಚು, ನಿಜ. ಆದರೆ ಬಂದ ಟೀಚರ್ ನಾಲ್ಕನೇ ಕ್ಲಾಸಿನ ಪುಸ್ತಕ ಬದಿಗಿಟ್ಟರು. ಹತ್ತತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟರು. ಒಂದು ಕಟ್ಟು ಬಿಚ್ಚಿಸಿದರು. ಬಿಡಿ ಕಡ್ಡಿ 12 ಆಯಿತು. ಅದರಲ್ಲಿ 7 ತೆಗೆದ, 5 ಉಳಿಯಿತು. ನಾಲ್ಕು ಕಟ್ಟಿನಲ್ಲಿ ಎರಡು ತೆಗೆದ. 25! ಅವನೇ ಎಣಿಸಿ ನಕ್ಕ.

ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ‘ಪ್ರಥಮ್’ ಸಂಸ್ಥೆಯ ಪದ್ಧತಿಯೂ ಇದೇ: ಮಗುವಿನ ವಯಸ್ಸಲ್ಲ, ಮಟ್ಟ ನೋಡಿ ಕಲಿಸುವುದು. ಹಾಗೆ ಮಟ್ಟ ನೋಡಿ ಕೂರಿಸಿದರೆ ಗುಂಪೂ ನಡೆಯುತ್ತದೆ.

ಹಳ್ಳಿಯಲ್ಲಿದ್ದರೆ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಗ್ರಂಥಾಲಯ ಇದೆ. ಕಥೆಪುಸ್ತಕ ಸಿಗುತ್ತವೆ, ಆದರೆ ಪಕ್ಕದಲ್ಲಿ ಕೂತು ತಿದ್ದುವವರು ಬೇಕು.

ನನ್ನನ್ನು ಕೇಳಿದರೆ, ಒತ್ತಕ್ಷರವೇ ಬಾರದಿದ್ದರೆ ಮೂರು ತಿಂಗಳಾದರೂ ಮನೆಪಾಠ. ಓದು ಬರುತ್ತದೆ, ಕೂರುವ ರೂಢಿ ಇಲ್ಲ ಅಂದರೆ ಗುಂಪೇ ಸಾಕು. ಸೇರಿಸುವ ಮೊದಲು ಒಂದು ಸಂಜೆ ಬಾಗಿಲ ಹತ್ತಿರ ನಿಂತು ನೋಡಿ, ಮಕ್ಕಳು ಗಟ್ಟಿಯಾಗಿ ಓದುತ್ತಾರೋ ಅಥವಾ ಸುಮ್ನೆ ನಕಲು ಮಾಡುತ್ತಾರೋ ಅಂತ.