ಫಿಟ್ಸ್‌ಗೆ ಮೂಗಿನ ಸ್ಪ್ರೇ: ಒಂದು ಶಾಲಾ ವರ್ಷ ಬಳಸಿದ ಮೇಲೆ

ನನ್ನ ಮಗಳು ಕಲಬುರಗಿಯ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿ ಮುಗಿಸಿದ್ದಾಳೆ. ಹದಿಮೂರನೆಯ ವಯಸ್ಸಿನಲ್ಲಿ ಕಾಣಿಸಿಕೊಂಡ ಮೂರ್ಛೆರೋಗಕ್ಕೆ ದಿನಕ್ಕೆರಡು ಹೊತ್ತು ಮಾತ್ರೆ ನಡೆದಿದೆ. ಅದರ ಜೊತೆಗೆ, ಫಿಟ್ಸ್ 5 ನಿಮಿಷ ದಾಟಿದರೆ ಹಾಕಲೆಂದು ವೈದ್ಯರು ಮಿಡಾಜೋಲಾಮ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದಾರೆ. ಈ ವರ್ಷ ಅದನ್ನು ನಿಜವಾಗಿ ಬಳಸಬೇಕಾಗಿ ಬಂದದ್ದು ಎರಡೇ ಸಲ, ಒಮ್ಮೆ ಮನೆಯಲ್ಲಿ, ಒಮ್ಮೆ ಶಾಲೆಯಲ್ಲಿ. ಉಳಿದ ದಿನಗಳಲ್ಲಿ ಅದು ಚೀಲದಲ್ಲಿ ಸುಮ್ಮನೆ ಹೋಗಿ ಸುಮ್ಮನೆ ಬಂದಿದೆ.

ಇದಕ್ಕೆ ಮೊದಲು ನಮಗೆ ಕೊಟ್ಟಿದ್ದುದು ಗುದದ್ವಾರದ ಮೂಲಕ ಹಾಕುವ ಡಯಾಜೆಪಾಮ್. ಮನೆಯಲ್ಲಾದರೆ ತಾಯಿ ಹೇಗೋ ಹಾಕಬಹುದು. ತರಗತಿಯ ನಡುವೆ ಬಿದ್ದಿರುವ ಹದಿನಾಲ್ಕರ ಹುಡುಗಿಗೆ ಯಾವ ಶಿಕ್ಷಕರು ಅದನ್ನು ಹಾಕಿಯಾರು, ಹಾಕಿದರೂ ಮರುದಿನ ಆ ಹುಡುಗಿ ಅದೇ ಬೆಂಚಿಗೆ ಹೇಗೆ ಹೋಗಿ ಕೂತಾಳು? ಸ್ಪ್ರೇಗೆ ಬಟ್ಟೆ ಸರಿಸಬೇಕಾಗಿಲ್ಲ, ಕಚ್ಚಿದ ಹಲ್ಲು ಬಿಡಿಸಬೇಕಾಗಿಲ್ಲ. ಮೂಗಿನ ಒಳಪದರದಿಂದಲೇ ಮದ್ದು ರಕ್ತಕ್ಕೆ ಸೇರುತ್ತದೆ. ಈ ಒಂದು ಗುಣಕ್ಕಾಗಿ ನಾನು ಇದರ ಕೊರತೆಗಳನ್ನು ಸಹಿಸಿಕೊಂಡಿದ್ದೇನೆ. ಕೊರತೆಗಳೇನೂ ಕಡಿಮೆಯಿಲ್ಲ.

ಮೊದಲನೆಯದು ಎಣಿಕೆ. ನಮಗೆ ಸಿಕ್ಕ ಬಾಟಲಿಯಲ್ಲಿ ಒಂದು ಪಫ್‌ಗೆ, ಅಂದರೆ ಒಮ್ಮೆ ಒತ್ತಿದರೆ, ಬರುವುದು ಅರ್ಧ ಮಿಲಿಗ್ರಾಂ. ಆಗ ಮಗಳ ತೂಕ 45 ಕೆಜಿ, ಕೆಜಿಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ ವೈದ್ಯರು ಬರೆದದ್ದು 9 ಮಿಲಿಗ್ರಾಂ, ಅಂದರೆ 18 ಪಫ್, ಎಡ ಹೊಳ್ಳೆಗೆ 9, ಬಲ ಹೊಳ್ಳೆಗೆ 9. (ಇದು ನಮ್ಮ ಮಗಳ ಲೆಕ್ಕ, ಬೇರೆ ಮಕ್ಕಳಿಗೆ ಅವರ ವೈದ್ಯರು ಬರೆದದ್ದೇ ಲೆಕ್ಕ.) ಚೀಟಿಯ ಮೇಲೆ ಇದು ಸರಳವಾಗಿ ಕಾಣುತ್ತದೆ. ತಲೆ ಅದುರುತ್ತಿರುವ, ಬಾಯಲ್ಲಿ ನೊರೆ ಬಂದಿರುವ ಮಗುವಿನ ಪಕ್ಕ ಕೂತು ಹದಿನೆಂಟರವರೆಗೆ ಎಣಿಸುವುದು ಬೇರೆಯೇ ಮಾತು. ಮನೆಯಲ್ಲಿ ಹಾಕಿದ ರಾತ್ರಿ ನಾನು ಏಳೋ ಎಂಟೋ ಎಂದು ನಡುವೆ ತಪ್ಪಿದೆ. ಅದುವರೆಗೆ ಈ ಔಷಧವನ್ನೇ ನಂಬದಿದ್ದ ನಮ್ಮ ಅತ್ತೆಯವರು ಪಕ್ಕದಲ್ಲಿ ಗಟ್ಟಿಯಾಗಿ ಎಣಿಸುತ್ತಿದ್ದುದರಿಂದ ಬಚಾವಾದೆ. ಅಷ್ಟು ಪಫ್ ಹಾಕುವಾಗ ಸ್ವಲ್ಪ ಮದ್ದು ಮೂಗಿನಿಂದ ಹೊರಗೂ ಹರಿಯುತ್ತದೆ. ಅಮೆರಿಕದಲ್ಲಿ 2019ರಲ್ಲಿ ಅನುಮತಿ ಪಡೆದ ಇದೇ ಮದ್ದಿನ ಸ್ಪ್ರೇಯಲ್ಲಿ ಒಂದೇ ಪಫ್‌ಗೆ 5 ಮಿಲಿಗ್ರಾಂ ಬರುತ್ತದೆ ಎಂದು ತಿಳಿದಾಗ ನನಗೆ ಸಿಟ್ಟೇ ಬಂದಿತ್ತು.

ಎರಡನೆಯದು ಬಾಟಲಿಯ ರಚನೆ. ಅದನ್ನು ನೆಟ್ಟಗೆ ಹಿಡಿದರೆ ಮಾತ್ರ ಮದ್ದು ಸರಿಯಾಗಿ ಬರುತ್ತದೆ. ಫಿಟ್ಸ್ ಬಂದವರನ್ನಾದರೋ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು. ಹೊಸ ಬಾಟಲಿಯಾದರೆ ಮಂಜಿನಂತೆ ಹೊರಬರುವ ತನಕ ಮೊದಲು ಗಾಳಿಯಲ್ಲಿ ಒತ್ತಿ ನೋಡಬೇಕು. ನೋಡಲು ನೆಗಡಿಯ ಸ್ಪ್ರೇಯಂತೆಯೇ ಇರುವುದರಿಂದ ಬೇರೆ ಮಕ್ಕಳ ಕೈಗೆ ಸಿಗದಂತೆಯೂ ನೋಡಿಕೊಳ್ಳಬೇಕು.

ಕೊಳ್ಳುವುದೂ ಸುಲಭವಲ್ಲ. ಮದ್ದು ಎಚ್‌1 ಎಂಬ, ಮಾರಾಟಕ್ಕೆ ಕಟ್ಟುನಿಟ್ಟಿರುವ ಔಷಧಗಳ ಸರ್ಕಾರಿ ಪಟ್ಟಿಯಲ್ಲಿರುವುದರಿಂದ ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ರೋಗಿಯ ಹೆಸರು, ವೈದ್ಯರ ಹೆಸರು, ಕೊಟ್ಟ ಪ್ರಮಾಣ ಬರೆದ ರಿಜಿಸ್ಟರನ್ನು ಅಂಗಡಿಯವರು 3 ವರ್ಷ ಇಟ್ಟುಕೊಳ್ಳಬೇಕು. ನಿಯಮ ಸರಿಯೇ. ಆದರೆ ನಾನು ಹೋದ ಅಂಗಡಿಯಲ್ಲಿ ಹೆಸರು ಬರೆಯುವವರು, ಹಿಂದೆ ಐದಾರು ಮಂದಿ ನಿಂತಿರುವಾಗಲೇ, “ಮಿರ್ಗಿ ಯಾರಿಗ್ರೀ, ಮಗಳಿಗೇನು?” ಎಂದು ಕೌಂಟರಿನಿಂದ ಕೂಗಿ ಕೇಳಿದರು. ಮೂರ್ಛೆರೋಗವಿದ್ದರೆ ಮದುವೆಯನ್ನು ರದ್ದುಪಡಿಸಬಹುದು ಎಂಬ ಅಂಶವನ್ನು 1999ರಲ್ಲೇ ಹಿಂದೂ ವಿವಾಹ ಕಾಯ್ದೆಯಿಂದ ತಿದ್ದುಪಡಿ ಮಾಡಿ ತೆಗೆದುಹಾಕಲಾಗಿದೆ. ಹೆಣ್ಣು ಮಗಳ ಹೆಸರು ಕೇಳಿದೊಡನೆ ತಿರುಗಿ ನೋಡುವ ಕಣ್ಣುಗಳಿಗೆ ಆ ತಿದ್ದುಪಡಿ ಇನ್ನೂ ತಲುಪಿಲ್ಲ.

ಅದೇ ಅಂಗಡಿಯಲ್ಲಿ ಎರಡನೆಯ ಸಲ ಕೊಟ್ಟದ್ದು ಬೇರೆ ಕಂಪನಿಯ ಬಾಟಲಿ. “ಎರಡೂ ಒಂದೇ ಅದಾವ್ರೀ ಅಕ್ಕಾರೆ” ಎಂದರು, ನಾನೂ ನಂಬಿದೆ. ರಾತ್ರಿ ಚೀಲ ಜೋಡಿಸುತ್ತಿದ್ದ ಮಗಳು ಇರುವೆಯಂಥ ಇಂಗ್ಲಿಷ್ ಅಕ್ಷರಗಳನ್ನು ಓದಿ, “ಅವ್ವಾ, ಇದರಾಗ ನಂಬರ್ ಬ್ಯಾರೆ ಅದ” ಎಂದಳು. ಪಫ್‌ಗೆ ಬರುವ ಮದ್ದು ಮೊದಲಿನದಕ್ಕಿಂತ ಹೆಚ್ಚಿತ್ತು. ಶಾಲೆಯ ಚೀಟಿಯಲ್ಲಿ 9, 9 ಎಂದೇ ಇತ್ತು. ಈ ಮದ್ದು ಹೆಚ್ಚಾದರೆ ಉಸಿರಾಟ ನಿಧಾನವಾಗುತ್ತದೆ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಮರುದಿನ ಬೆಳಿಗ್ಗೆ ಬಾಟಲಿ ಹಿಂತಿರುಗಿಸಿ, ಮೊದಲಿನದೇ ಪ್ರಮಾಣದ್ದನ್ನು ತರಿಸಿಕೊಳ್ಳುವ ಹೊತ್ತಿಗೆ ಮೂರು ದಿನ ಹಿಡಿಯಿತು.

ಶಾಲೆಯವರು ಮೊದಲು ಒಪ್ಪಲಿಲ್ಲ. “ಇದು ನಿದ್ದಿ ಬರೋ ಔಷಧ ಅಲ್ಲೇನ್ರೀ? ಏನರೆ ಹೆಚ್ಚು ಕಡಿಮಿ ಆದ್ರ ಯಾರು ಜವಾಬ್ದಾರಿ?” ಎಂದು ಮುಖ್ಯೋಪಾಧ್ಯಾಯಿನಿ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಯಾವಾಗ ಹಾಕಬೇಕು, ಎಷ್ಟು ಹಾಕಬೇಕು, ಯಾವಾಗ 108ಕ್ಕೆ ಕರೆ ಮಾಡಬೇಕು ಎಂಬುದನ್ನೆಲ್ಲ ವೈದ್ಯರಿಂದ ಬರೆಸಿ ತಂದ ಮೇಲೆ ಒಪ್ಪಿದರು. ಖಾಲಿ ಬಾಟಲಿಗೆ ನೀರು ತುಂಬಿ ಪಿ.ಟಿ. ಮಾಸ್ತರರು ಸ್ಟಾಫ್ ರೂಮಿನಲ್ಲಿ ಕಿಟಕಿಯ ಕಡೆಗೆ ಒತ್ತಿ ಒತ್ತಿ ಅಭ್ಯಾಸ ಮಾಡಿದರು. ಮೊದಮೊದಲು ಸ್ಪ್ರೇ ಆಫೀಸಿನ ಕಪಾಟಿನಲ್ಲಿತ್ತು. ಕಪಾಟಿನ ಕೀಲಿ ಜವಾನರ ಜೇಬಿನಲ್ಲಿತ್ತು. ಜವಾನರು ಬ್ಯಾಂಕಿಗೆ ಹೋಗಿರುತ್ತಿದ್ದರು. ಈಗ ಅದು ಮಗಳ ಚೀಲದ ಮುಂದಿನ ಜಿಪ್ಪಿನಲ್ಲೇ ಇರುತ್ತದೆ, ಪಕ್ಕದಲ್ಲಿ ಕೂರುವ ಇಬ್ಬರು ಗೆಳತಿಯರಿಗೆ ಅದು ಗೊತ್ತಿದೆ.

ಪರೀಕ್ಷೆಗೆಂದು ರಾತ್ರಿ ಒಂದು ಗಂಟೆಯವರೆಗೆ ಓದಿ, ನಿದ್ದೆಗೆಟ್ಟು ಹೋದ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲೇ ಬಿದ್ದಳು. ಯಾರೋ ಕೀಲಿ ಗೊಂಚಲು ತಂದರು, ಯಾರೋ ಚಪ್ಪಲಿ ಮೂಸಿಸಲು ಬಂದರು. ಮಾಸ್ತರರು ಎರಡನ್ನೂ ದೂರವಿಡಿಸಿ, ಅವಳನ್ನು ಮಗ್ಗುಲಿಗೆ ಹೊರಳಿಸಿ, ಕೈಕಾಲು ಹಿಡಿಯದೆ ಗಡಿಯಾರ ನೋಡುತ್ತ ಕೂತರಂತೆ. ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ನಿಲ್ಲುತ್ತಿದ್ದುದು ಅಂದು ನಿಲ್ಲಲಿಲ್ಲ. ಐದಾದೊಡನೆ ಸ್ಪ್ರೇ ಹಾಕಿದರು, ಮುಖ್ಯೋಪಾಧ್ಯಾಯಿನಿ ಎಣಿಸಿದರು, ಗೆಳತಿಯರು ತಮ್ಮ ವೇಲ್‌ಗಳನ್ನು ಹರಡಿ ಮರೆ ಹಿಡಿದರು. ಆಂಬುಲೆನ್ಸ್ ಗೇಟಿನೊಳಗೆ ಬರುವಷ್ಟರಲ್ಲಿ ಅದುರುವುದು ನಿಂತಿತ್ತು. ಆಸ್ಪತ್ರೆಯಲ್ಲಿ ಎರಡು ತಾಸು ಮಲಗಿ ಎದ್ದವಳು ಮೊದಲು ಹೇಳಿದ್ದು “ಮೂಗು ಉರಿಲಕತ್ತದ” ಎಂದು; ಎರಡನೆಯದು, “ಎಲ್ಲಾರೂ ನೋಡಿದ್ರೇನು?” ಎಂಬ ಪ್ರಶ್ನೆ. ಮೂಗಿನ ಉರಿ ಸಂಜೆಗೆ ಇಳಿಯಿತು.

ಬಾಟಲಿಯನ್ನು ತಂಪಾದ ಜಾಗದಲ್ಲಿ, ಬೆಳಕು ತಾಕದಂತೆ ಇಡಬೇಕು. ನಮ್ಮೂರಲ್ಲಿ ಏಪ್ರಿಲ್‌ನ ಬಿಸಿಲು 42 ಡಿಗ್ರಿ ದಾಟುತ್ತದೆ. ಊಟದ ಡಬ್ಬಿಗೆ ಬಳಸುವ ದಪ್ಪ ಒಳಪದರದ ಚಿಕ್ಕ ಚೀಲವೊಂದರಲ್ಲಿ ಹಾಕಿ ಕಳಿಸುತ್ತಿದ್ದೇವೆ, ಅದಕ್ಕಿಂತ ಒಳ್ಳೆಯ ಉಪಾಯ ಹೊಳೆದಿಲ್ಲ. ದಿನದ ಮಾತ್ರೆ ತಪ್ಪಿದರೆ ಈ ಸ್ಪ್ರೇ ಅದರ ಬದಲಿಯಲ್ಲ ಎಂಬುದನ್ನು ಮಗಳಿಗಿಂತ ಹೆಚ್ಚಾಗಿ ನೆಂಟರಿಗೆ ವಿವರಿಸಬೇಕಾಗಿದೆ.

ಹತ್ತನೆಯ ತರಗತಿಗೆಂದು ಹೊಸ ಬಾಟಲಿ ತಂದಿದ್ದೇವೆ. ಮಗಳ ತೂಕ ಈಗ 50 ಕೆಜಿ. ವೈದ್ಯರು 20 ಪಫ್ ಎಂದು ತಿದ್ದಿ ಬರೆದಿದ್ದಾರೆ. ಶಾಲೆಯ ಹಳೆಯ ಚೀಟಿಯನ್ನು ಹರಿದು ಹಾಕಿ, ಬಾಟಲಿಯ ಮೇಲೆ ಮಾರ್ಕರಿನಿಂದ 10, 10 ಎಂದು ಅವಳೇ ಬರೆದಿದ್ದಾಳೆ.