ತಂಬೂರಿಯ ಅಡಿಯಲ್ಲಿದ್ದ ಗುಂಯ್ ಸದ್ದು ನಿಂತಿತು: ಆಪ್ಟಿಕಲ್ ಡ್ಯಾಕ್ ಜೊತೆ ಎರಡು ವರ್ಷ

ಧಾರವಾಡದ ನಮ್ಮ ಮನೆಯಲ್ಲಿ ಅಪ್ಪ ಕೊಂಡ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಇನ್ನೂ ಗಟ್ಟಿಯಾಗಿದೆ. ಎಲ್‌ಪಿ ತಟ್ಟೆಗಳು ಇವತ್ತಿಗೂ ಅದರಲ್ಲೇ ಹಾಡುತ್ತವೆ. ಆದರೆ ಹಿಂದೂಸ್ತಾನಿ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು ಅವರ ಎಷ್ಟೋ ಕಛೇರಿಗಳು ಈಗ ಸಿಗುವುದು ಯೂಟ್ಯೂಬ್‌ನಲ್ಲಿ. ಅವನ್ನೂ ಅದೇ ಸ್ಪೀಕರ್‌ಗಳಲ್ಲಿ ಕೇಳಬೇಕು ಅಂತ ಆಸೆ. ಅದನ್ನು ಈಡೇರಿಸಿದ್ದು ಡ್ಯಾಕ್, ಅಂದರೆ ಟಿವಿಯ ಡಿಜಿಟಲ್ ದನಿಯನ್ನು ಹಳೇ ಆಂಪ್ಲಿಫೈಯರ್‌ಗೆ ತಿಳಿಯುವ ಅನಲಾಗ್ ದನಿಯಾಗಿ ಬದಲಿಸುವ ಪುಟ್ಟ ಡಬ್ಬಿ.

ಮೊದಲು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಆಂಪ್ಲಿಫೈಯರ್‌ನ ಆಕ್ಸ್‌ಗೆ, ಅಂದರೆ ಹೊರಗಿನ ದನಿ ಕೊಡುವ ಜಾಗಕ್ಕೆ, ಒಂದು ಕೇಬಲ್ ಎಳೆದೆ. ಹಾಡು ಬಂತು, ಜೊತೆಗೆ ಗುಂಯ್ ಅನ್ನೋ ಸದ್ದೂ ಬಂತು. ಸಿನಿಮಾ ಹಾಡಿನಲ್ಲಿ ಅದು ಮುಚ್ಚಿಹೋಗುತ್ತದೆ. ನಿಧಾನ ಲಯದ ವಿಲಂಬಿತ ಖ್ಯಾಲಿನಲ್ಲಿ ಮುಚ್ಚುವುದಿಲ್ಲ. ತಂಬೂರಿಯ ಶ್ರುತಿ ಒಂದು, ಕರೆಂಟಿನ 50 ಹರ್ಟ್ಸ್‌ನ ಶ್ರುತಿ ಇನ್ನೊಂದು. ಅಪ್ಪ ಎರಡು ನಿಮಿಷ ಕೇಳಿ, "ತಮ್ಮಾ, ತಂಬೂರಿ ಜೋಡಿ ಇನ್ನೊಂದೇನೋ ಗುಂಯ್ ಅನ್ನಲಿಕ್ಕತ್ತದಲ್ಲ, ಬಂದ್ ಮಾಡು" ಅಂದರು.

ಚಾರ್ಜರ್ ಕಿತ್ತರೆ ಸದ್ದು ಮಾಯ, ಹಾಕಿದರೆ ಮತ್ತೆ ಹಾಜರ್. ಚಾರ್ಜರ್‌ಗೂ ಮೂರು ಪಿನ್, ಆಂಪ್ಲಿಫೈಯರ್‌ಗೂ ಮೂರು ಪಿನ್. ಎರಡರ ಅರ್ಥ್ ಆಡಿಯೋ ಕೇಬಲ್ ಮೂಲಕವೂ ಕೂಡಿಕೊಂಡು ಒಂದು ಸುತ್ತು ಆಗುತ್ತದೆ, ಗುಂಯ್ ಹುಟ್ಟುವುದು ಅಲ್ಲೇ. ಅರ್ಥ್ ಪಿನ್ ತೆಗೆದುಬಿಡು ಅಂತ ಪರಿಚಯದವರೊಬ್ಬರು ಹೇಳಿದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಶಾಕ್‌ನಿಂದ ಕಾಯುವುದೇ ಆ ಪಿನ್.

ಆಮೇಲೆ ಲ್ಯಾಪ್‌ಟಾಪ್ ಬಿಟ್ಟು ಟಿವಿಯಲ್ಲೇ ಯೂಟ್ಯೂಬ್ ಹಚ್ಚೋಣ ಅಂತ ತಂದದ್ದು ಈ ಡ್ಯಾಕ್ ಡಬ್ಬಿ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಟಿವಿಯಿಂದ ಆಪ್ಟಿಕಲ್ ಕೇಬಲ್ ಡಬ್ಬಿಗೆ, ಡಬ್ಬಿಯಿಂದ ಕೆಂಪು-ಬಿಳಿ ಆರ್‌ಸಿಎ ವೈರು ಆಕ್ಸ್‌ಗೆ. ಆಪ್ಟಿಕಲ್‌ನಲ್ಲಿ ಹೋಗುವುದು ಬರೀ ಬೆಳಕು. ಟಿವಿಗೂ ಆಂಪ್ಲಿಫೈಯರ್‌ಗೂ ಅದರ ಮೂಲಕ ತಾಮ್ರದ ನಂಟೇ ಇಲ್ಲ. ಹಚ್ಚಿದ ದಿನ ಎರಡು ತಾಸು ಏನೂ ಕೇಳಿಸಲಿಲ್ಲ. ಟಿವಿಯ ಸೆಟ್ಟಿಂಗ್‌ನಲ್ಲಿ ಡಾಲ್ಬಿ ತೆಗೆದು ಪಿಸಿಎಂ, ಅಂದರೆ ಸಾದಾ ಡಿಜಿಟಲ್ ದನಿ, ಮಾಡಬೇಕಿತ್ತು. ಈ ಅಗ್ಗದ ಡಬ್ಬಿಗೆ ತಿಳಿಯುವುದು ಅದೊಂದೇ.

ಆಮೇಲೆ ಹಾಡು ಬಂತು. ಹಾಡಿನ ಹಿಂದೆ ಮೌನ. ಆ ಮೌನದಲ್ಲಿ ತಂಬೂರಿಯ ನಾಲ್ಕೂ ತಂತಿ ಬೇರೆ ಬೇರೆಯಾಗಿ ಕೇಳಿಸಿದವು. ಅಪ್ಪ ಕಣ್ಣು ಮುಚ್ಚಿ ಕೂತುಬಿಟ್ಟರು.

ಈಗ ದಿನಾ ಸಂಜೆ ಚಹಾ ಆದಮೇಲೆ ಇದೇ ಕೆಲಸ. ಮೊದಲು ಆಂಪ್ಲಿಫೈಯರ್, ಅದು ಬೆಚ್ಚಗಾಗಲಿ ಅಂತ ಅಪ್ಪನ ಒತ್ತಾಯ. ಆಮೇಲೆ ಟಿವಿ. ನಮ್ಮ ಟಿವಿಯ ರಿಮೋಟ್ ಆಪ್ಟಿಕಲ್‌ನ ದನಿ ಏರಿಸುವುದಿಲ್ಲ, ಹಾಗಾಗಿ ಎದ್ದು ಹೋಗಿ ದೊಡ್ಡ ಗುಂಡಿ ತಿರುಗಿಸಬೇಕು. ಅದು ಬೆರಳಿಗೆ ಹಿತ, ನನಗೆ ಬೇಜಾರಿಲ್ಲ.

ಬೇಜಾರಿರುವುದು ಬೇರೆ. ಸ್ವಲ್ಪ ಹೊತ್ತು ಏನೂ ಹಚ್ಚದೆ ಬಿಟ್ಟರೆ ಡಬ್ಬಿ ನಿದ್ದೆ ಹೋಗುತ್ತದೆ. ಮತ್ತೆ ಹಚ್ಚಿದಾಗ ಮೊದಲ ಒಂದೆರಡು ಸೆಕೆಂಡ್ ನುಂಗಿಬಿಡುತ್ತದೆ. ತಂಬೂರಿಯ ಮೊದಲ ಮೀಟು ಹೋಯಿತು ಅಂದರೆ ಕಛೇರಿಗೆ ತಡವಾಗಿ ಬಂದು ಬಾಗಿಲಲ್ಲಿ ನಿಂತಹಾಗೆ, ಅಲ್ವಾ? ಎರಡು ವರ್ಷವಾದರೂ ಇದಕ್ಕೆ ಹೊಂದಿಕೊಳ್ಳಲಾಗಲಿಲ್ಲ. ಶುರುವಾದ ಕೂಡಲೇ ಹತ್ತು ಸೆಕೆಂಡ್ ಹಿಂದಕ್ಕೆ ಹೋಗುತ್ತೇನೆ. ಅಷ್ಟರಲ್ಲಿ ಅದು ಎದ್ದಿರುತ್ತದೆ.

ಇನ್ನೊಂದು ಮಾತು. ಡಬ್ಬಿಯ ವೈರನ್ನು ಫೋನೋ ಅಂತ ಬರೆದ ಜಾಗಕ್ಕೆ ಹಾಕಬೇಡಿ. ಅದು ತಟ್ಟೆಯ ಸೂಜಿಯ ಕೆಲವೇ ಮಿಲಿವೋಲ್ಟ್‌ಗೆ ಇರುವುದು. ಡಬ್ಬಿ ಕೊಡುವುದು ಅದರ ನೂರಾರು ಪಟ್ಟು ಜಾಸ್ತಿ, ದನಿ ಒಡೆದುಹೋಗುತ್ತದೆ.

ಒಂದೂವರೆ ಸಾವಿರದೊಳಗೆ ನನಗೆ ಇಷ್ಟು ಸಾಕು. ಮುಂದಿನದನ್ನು ಕೊಳ್ಳುವಾಗ ಮಾತ್ರ ಹುಬ್ಬಳ್ಳಿಯ ಅಂಗಡಿಯಲ್ಲೇ ಒಂದು ಖ್ಯಾಲ್ ಹಚ್ಚಿಸಿ, ಮೊದಲ ಮೀಟು ಬಂತಾ ಅಂತ ಕೇಳಿಯೇ ದುಡ್ಡು ಕೊಡುತ್ತೇನೆ.