ಸಂಜೆ ಹೊತ್ತು ಸ್ಪೀಡ್ ನೋಡದೆ ವರ್ಷದ ದುಡ್ಡು ಕಟ್ಟಬೇಡಿ

ತುಮಕೂರಿನಲ್ಲಿ ಮನೆಗೆ ಇಂಟರ್‌ನೆಟ್ ಹಾಕಿಸಬೇಕು ಅಂತಿರುವವರು, ಅದರಲ್ಲೂ ಕ್ಯಾತ್ಸಂದ್ರ ಕಡೆ ತೋಟದ ಪಕ್ಕ ಮನೆ ಇರುವವರು, ದಯವಿಟ್ಟು ಇದನ್ನು ಓದಿ. ಈಗ ಮನೆಮನೆಗೂ ಬಂದು 5ಜಿ ವೈರ್‌ಲೆಸ್ ಕನೆಕ್ಷನ್ ಮಾರುತ್ತಿದ್ದಾರೆ. ಕಂಬದಿಂದ ಕೇಬಲ್ ಎಳೆಯೋದು ಬೇಡ, ಮಹಡಿ ಮೇಲೊಂದು ಡಬ್ಬಿ ಕೂರಿಸಿದರೆ ಆಯ್ತು ಅನ್ನುತ್ತಾರೆ. ನಮ್ಮ ಮನೆಗೂ ಹಾಗೇ ಬಂದರು.

ನಾನು ಮನೆಯಿಂದಲೇ ಜಿಎಸ್‌ಟಿ ರಿಟರ್ನ್ ಫೈಲ್ ಮಾಡುತ್ತೇನೆ. ಮಂಡಿಪೇಟೆಯ ಕೆಲವು ಅಂಗಡಿಗಳ ಲೆಕ್ಕ ನನ್ನ ಹತ್ತಿರ ಇದೆ. ಹಾಗಾಗಿ ಮಾರಲು ಬಂದ ಹುಡುಗನನ್ನು ಮೊದಲೇ ಕೇಳಿದ್ದೆ. ಸಂಜೆನೂ ಇದೇ ಸ್ಪೀಡ್ ಇರುತ್ತಾ? ಪಕ್ಕದ ತೆಂಗಿನ ತೋಟ ಅಡ್ಡ ಬರಲ್ವಾ? "ಏನೂ ತೊಂದರೆ ಇಲ್ಲ ಮೇಡಂ, 5ಜಿ ಅಲ್ವಾ" ಅಂದ. ಹಗಲು ಹೊತ್ತು, ಮಹಡಿ ಮೇಲೆ ನಿಂತು ತನ್ನ ಫೋನಿನಲ್ಲಿ ಸ್ಪೀಡ್ ತೋರಿಸಿದ. 200 ಎಂಬಿಪಿಎಸ್ ದಾಟಿತ್ತು. ವರ್ಷದ ಪ್ಲಾನ್ ತಗೊಂಡರೆ ಇನ್‌ಸ್ಟಲೇಶನ್ ಫ್ರೀ ಅಂದ. ಆ ಮಾತು ನಂಬಿ ಕಟ್ಟಿದೆವು.

ಹಗಲೆಲ್ಲ ಚೆನ್ನಾಗೇ ಓಡುತ್ತಿತ್ತು. ಏಳೂವರೆ ದಾಟಿತು ಅಂದರೆ ಕಥೆಯೇ ಬೇರೆ. ಮಗಳ ಆನ್‌ಲೈನ್ ಕ್ಲಾಸಿನಲ್ಲಿ ಮೇಷ್ಟ್ರ ಮುಖ ನಿಂತಲ್ಲೇ ನಿಲ್ಲುತ್ತಿತ್ತು, ಮಾತು ತುಂಡು ತುಂಡಾಗಿ ಬರುತ್ತಿತ್ತು. ಮಳೆ ಬಂದ ದಿನ ಇನ್ನೂ ಕಷ್ಟ. ತಿಂಗಳ 20ನೇ ತಾರೀಖು 3ಬಿ ರಿಟರ್ನ್‌ಗೆ, ಅಂದರೆ ಜಿಎಸ್‌ಟಿಯ ತಿಂಗಳ ಲೆಕ್ಕಕ್ಕೆ, ಕೊನೇ ದಿನ. ಅವತ್ತು ರಾತ್ರಿ ಪೋರ್ಟಲ್ ತೆರೆದುಕೊಂಡು ಕೂತರೆ ಪೇಜ್ ಸುತ್ತುತ್ತಲೇ ಇದೆ. ಮಹಡಿ ಮೇಲಿನ ಡಬ್ಬಿಯ ಸಿಗ್ನಲ್ ದೀಪ ಕೆಂಪು, ಆಮೇಲೆ ಹಸಿರು, ಮತ್ತೆ ಕೆಂಪು. ಒಬ್ಬ ಅಂಗಡಿಯವರ ರಿಟರ್ನ್ ಮರುದಿನಕ್ಕೆ ಬಿತ್ತು. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ದುಡ್ಡು ದೊಡ್ಡದಲ್ಲ, ನಾನೇ ಕಟ್ಟಿದೆ. ಆದರೆ ಅವರಿಟ್ಟ ನಂಬಿಕೆಗೆ ಏನು ಹೇಳೋದು?

ರಿಪೇರಿಗೆ ಬಂದವನು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದ. ಟವರ್ ಇರುವ ದಿಕ್ಕಿಗೆ ಕೈ ತೋರಿಸಿದ. ನಡುವೆ ಸಾಲಾಗಿ ತೆಂಗಿನ ಗರಿ. ನಮ್ಮಲ್ಲಿ 5ಜಿ ಹೆಚ್ಚಾಗಿ ಓಡೋದು 3300 ಮೆಗಾಹರ್ಟ್ಸ್‌ಗಿಂತ ಮೇಲಿನ ತರಂಗಗಳಲ್ಲಿ. ಅವು ಗೋಡೆ, ಎಲೆಗಳನ್ನು ಸುಲಭವಾಗಿ ದಾಟಲ್ಲ. ಎಲೆ ನೆನೆದರೆ ಇನ್ನೂ ಕಡಿಮೆ. ಇದರ ಜೊತೆಗೆ, ಒಂದು ಟವರಿನ ಸಾಮರ್ಥ್ಯವನ್ನು ಸುತ್ತಲಿನ ಎಲ್ಲ ಮೊಬೈಲುಗಳೂ ಈ ಡಬ್ಬಿಗಳೂ ಹಂಚಿಕೊಳ್ಳಬೇಕು. ಸಂಜೆ ಎಲ್ಲರೂ ಮನೆ ಸೇರಿದಾಗ ಪಾಲು ಕಡಿಮೆ ಆಗದೆ ಇರುತ್ತಾ?

ಕಂಬದಿಂದ ಮನೆಗೆ ಗಾಜಿನ ಎಳೆಯ ಕೇಬಲ್ ಎಳೆಯುವ ಫೈಬರಿನಲ್ಲೂ ಹಂಚಿಕೆ ಇದೆ. ಸಾಮಾನ್ಯವಾಗಿ ಬಳಸುವ ಜಿಪಾನ್ ಅನ್ನೋ ಫೈಬರ್ ವ್ಯವಸ್ಥೆಯಲ್ಲಿ ಸುಮಾರು 2.5 ಜಿಬಿಪಿಎಸ್‌ನ ಒಂದು ಲೈನನ್ನು 32 ಅಥವಾ 64 ಮನೆಗಳಿಗೆ ಒಡೆಯುತ್ತಾರೆ. ಆದರೆ ಎಷ್ಟು ಮನೆ ಅನ್ನೋದು ಲೆಕ್ಕಕ್ಕೆ ಸಿಗುತ್ತೆ, ಮಳೆಗೂ ಮರಕ್ಕೂ ಅದು ಜಗ್ಗಲ್ಲ. ಅದರ ಕಾಟ ಬೇರೆ ಥರ. ರಸ್ತೆ ಅಗೆಯುವ ಜೆಸಿಬಿ ಕೇಬಲ್ ಕಿತ್ತರೆ ಮನೆಯೊಳಗಿನ ಫೈಬರ್ ಡಬ್ಬಿಯಲ್ಲಿ ಲಾಸ್ (LOS, ಅಂದರೆ ಸಿಗ್ನಲ್ ಬರುತ್ತಿಲ್ಲ) ಅಂತ ಬರೆದಿರುವ ಕಡೆ ಕೆಂಪು ದೀಪ ಹತ್ತುತ್ತೆ, ಬಂದು ಜೋಡಿಸುವ ತನಕ ಏನೂ ಇಲ್ಲ. ಅದನ್ನೂ ತಿಳಿದುಕೊಂಡೇ ಹೇಳುತ್ತಿದ್ದೇನೆ: ನಿಮ್ಮ ಬೀದಿಯ ಕಂಬದ ತನಕ ಫೈಬರ್ ಬಂದಿದ್ದರೆ ಅದನ್ನೇ ಹಾಕಿಸಿ. ಕೇಬಲ್ಲಿಗೆ ಸ್ವಲ್ಪ ಜಾಸ್ತಿ ಕೇಳಿದರೂ ಪರವಾಗಿಲ್ಲ. ಫೈಬರ್ ಬರದೇ ಇರುವ ತೋಟದ ಮನೆಗೆ, ಟವರ್ ಕಣ್ಣಿಗೆ ಕಾಣುವಂತಿದ್ದರೆ, ವೈರ್‌ಲೆಸ್ ನಿಜಕ್ಕೂ ಉಪಕಾರವೇ.

ಹಾಕಿಸುವುದೇ ಆದರೆ ರಾತ್ರಿ ಎಂಟರಿಂದ ಹತ್ತರೊಳಗೆ, ಅದೇ ಕಂಪನಿಯ 5ಜಿ ಸಿಮ್ ಹಾಕಿದ ಫೋನ್ ಹಿಡಿದು ನಿಮ್ಮ ಮಹಡಿ ಮೇಲೆ ನೀವೇ ನೋಡಿ. ಅಪ್‌ಲೋಡ್ ಎಷ್ಟು ಅಂತಲೂ ನೋಡಿ, ವಿಡಿಯೋ ಕಾಲ್ ಕೆಡೋದು ಹೆಚ್ಚಾಗಿ ಅಲ್ಲೇ. ತಿಂಗಳಿಗೆ ಎಷ್ಟು ಜಿಬಿ ಮಿತಿ ಅಂತ ಕೇಳಿ. ಏನೇ ಆಫರ್ ಕೊಟ್ಟರೂ ಮೊದಲು ತಿಂಗಳ ಪ್ಲಾನ್ ತಗೊಳ್ಳಿ. ನಾವು ನಿಲ್ಲಿಸ್ತೀವಿ ಅಂದಾಗ "ಡಬ್ಬಿ ವಾಪಸ್ ತಗೋತೀವಿ, ವರ್ಷದ ದುಡ್ಡು ವಾಪಸ್ ಬರಲ್ಲ" ಅಂತ ಕಸ್ಟಮರ್ ಕೇರ್‌ನವರು ಹೇಳಿಬಿಟ್ಟರು.

ಈಗಾಗಲೇ ಸಿಕ್ಕಿಹಾಕಿಕೊಂಡವರು ಫೋನಿನಲ್ಲಿ ಜಗಳ ಆಡಿ ಸುಮ್ನಾಗಬೇಡಿ. ಪ್ರತಿ ಸಲ ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ, ಸಂಜೆಯ ಸ್ಪೀಡ್ ಟೆಸ್ಟಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕಸ್ಟಮರ್ ಕೇರ್‌ನಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915.